ತಾಯಿಯ ಮೂಗಿಗೆ ಬಡಿದ ವಾಸನೆ

ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕಿಕೊಳ್ಳುವ ಸಿಹಿಗುಳಿಗೆಯ ಪುಟ್ಟ ಡಬ್ಬಿ ಈಗ ಯಾರ ಮನೆಯಲ್ಲಿಲ್ಲ? ನಮ್ಮ ಮನೆಯಲ್ಲೂ ಒಂದಿದೆ. ಅದರ ಬೆನ್ನಿನ ಮೇಲೆ, ಕನ್ನಡಕ ಹಾಕಿಕೊಂಡರೂ ಬೆಳಕಿಗೆ ಹಿಡಿದು ಓದಬೇಕಾದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಇರುತ್ತದೆ: ಫಿನೈಲ್‌ಕೀಟೋನ್ಯೂರಿಯ ಇರುವವರಿಗೆ ಇದು ತಕ್ಕುದಲ್ಲ. ರೈಲುಗಾಡಿಯಷ್ಟು ಉದ್ದದ ಆ ಹೆಸರನ್ನು ಓದಿ ಡಬ್ಬಿಯನ್ನು ಸುಮ್ಮನೆ ಗೂಡಿನಲ್ಲಿ ಇಟ್ಟುಬಿಡಬಹುದಿತ್ತು. ಆದರೆ ಗವರ್ನರ್ ಜನರಲ್‌ಗಳ ಹೆಸರು, ಇಸವಿಗಳನ್ನು ಮಕ್ಕಳ ತಲೆಗೆ ತುಂಬುತ್ತ ಇಪ್ಪತ್ತೆಂಟು ವರ್ಷ ಕಳೆದವಳಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾವ ಹೆಸರು ಕಂಡರೂ ಅದರ ಹಿಂದೆ ಒಂದು ಕಥೆ ಇದ್ದೇ ಇರಬೇಕು ಎನ್ನಿಸುತ್ತದೆ. ಹುಡುಕುತ್ತ ಹೋದೆ. ಸಿಕ್ಕಿದ ಕಥೆ ರಾಜರದ್ದಲ್ಲ, ಯುದ್ಧದ್ದಲ್ಲ. ಅದು ಒಬ್ಬಳು ತಾಯಿಯ ಮೂಗಿನಿಂದ ಶುರುವಾಗುತ್ತದೆ.

ನಾರ್ವೆ ದೇಶದ ಆ ತಾಯಿಯ ಹೆಸರು ಬೋರ್ಗ್‌ನಿ ಎಗೆಲಾಂಡ್. ಗಂಡ ಹಲ್ಲಿನ ವೈದ್ಯ. ಉಂಡುಟ್ಟು ಸುಖವಾಗಿದ್ದ ಸಂಸಾರ. 1927ರಲ್ಲಿ ಹೆಣ್ಣು ಮಗು ಹುಟ್ಟಿತು, ಲಿವ್ ಎಂದು ಹೆಸರಿಟ್ಟರು. ಕೂಸು ನೋಡಲು ಚೆಲುವಾಗಿತ್ತು, ಹಾಲು ಕುಡಿಯುತ್ತಿತ್ತು, ಬೆಳೆಯುತ್ತಿತ್ತು. ಆದರೆ ಮಾತು ಬರಬೇಕಾದ ಕಾಲಕ್ಕೆ ಮಾತು ಬರಲಿಲ್ಲ. ಮೂರು ವರ್ಷ ಸಮೀಪಿಸಿದರೂ ತೊದಲು ನುಡಿಯೂ ಸರಿಯಾಗಿ ಹೊರಡಲಿಲ್ಲ. ನಮ್ಮಲ್ಲಾದರೂ ಏನು ಹೇಳುತ್ತಿದ್ದರು? 'ಕೆಲವು ಮಕ್ಕಳು ನಿಧಾನ ಕಣಮ್ಮ, ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂದು ಅತ್ತೆ ಸಮಾಧಾನ ಹೇಳುತ್ತಿದ್ದರು. ಅಲ್ಲಿನ ವೈದ್ಯರೂ ಹೆಚ್ಚುಕಡಿಮೆ ಹಾಗೆಯೇ, ಗಾಬರಿಪಡುವಂಥದ್ದೇನೂ ಇಲ್ಲ ಎಂದರು. 1930ರಲ್ಲಿ ಎರಡನೆಯ ಮಗು, ಗಂಡು, ಡಾಗ್. ಅವನ ಸ್ಥಿತಿ ಅಕ್ಕನಿಗಿಂತ ಕೆಟ್ಟದಾಯಿತು. ನಾಲ್ಕು ವರ್ಷವಾದರೂ ನಡೆಯಲಿಲ್ಲ, ಮಾತಾಡಲಿಲ್ಲ, ತಾನಾಗಿ ತಿನ್ನಲಿಲ್ಲ. ಎದುರಿಗಿದ್ದುದರ ಮೇಲೆ ನೋಟ ನಿಲ್ಲಿಸುವುದೂ ಅವನಿಂದಾಗುತ್ತಿರಲಿಲ್ಲ.

ಈ ಎರಡು ಮಕ್ಕಳ ಮೈಯಿಂದ, ಕೂದಲಿನಿಂದ, ಮುಖ್ಯವಾಗಿ ಮೂತ್ರದಿಂದ ಒಂದು ವಿಚಿತ್ರ ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಹೋಗದ ಮುಗ್ಗಲು ವಾಸನೆ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಹತ್ತುತ್ತದಲ್ಲ, ಅಂಥದ್ದು. ಬೋರ್ಗ್‌ನಿ ವೈದ್ಯರಿಂದ ವೈದ್ಯರಿಗೆ ಅಲೆದಳು. ಹೋದಲ್ಲೆಲ್ಲ ಎರಡು ಪ್ರಶ್ನೆ ಕೇಳಿದಳು. ಒಂದೇ ತಾಯಿಯ ಇಬ್ಬರು ಮಕ್ಕಳೂ ಹೀಗಾಗಲು ಕಾರಣವೇನು? ಈ ವಾಸನೆ ಏನು? ಮೊದಲನೆಯ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಎರಡನೆಯದನ್ನು ಯಾರೂ ಪ್ರಶ್ನೆಯೆಂದೇ ಎಣಿಸಲಿಲ್ಲ. ಬಟ್ಟೆ ಒಗೆಯುವವಳ ಮೂಗು ಹೇಳುವ ಮಾತು ಶಾಸ್ತ್ರವಾಗುವುದುಂಟೇ?

ಕಡೆಗೆ 1934ರಲ್ಲಿ ಆಕೆಯ ಅಳಲು ಓಸ್ಲೋ ನಗರದ ಆಸ್‌ಬ್ಯೋರ್ನ್ ಫೋಲಿಂಗ್ ಎಂಬುವರನ್ನು ತಲುಪಿತು. ರೈತರ ಮನೆಯಲ್ಲಿ ಹುಟ್ಟಿದ ಈತ ಮೊದಲು ರಸಾಯನಶಾಸ್ತ್ರ ಕಲಿತು, ಆಮೇಲೆ ವೈದ್ಯವನ್ನೂ ಕಲಿತವರು. ಈ ಎರಡೂ ವಿದ್ಯೆ ಒಬ್ಬರಲ್ಲೇ ಇದ್ದದ್ದು ಆ ತಾಯಿಯ ಪುಣ್ಯ. ಮಕ್ಕಳನ್ನು ಪರೀಕ್ಷಿಸಿದಾಗ ಅವರಿಗೂ ಹೊಸದೇನೂ ಕಾಣಲಿಲ್ಲ. ಆದರೆ ಮೂತ್ರವನ್ನು ಪರೀಕ್ಷಿಸುವಾಗ, ಸಕ್ಕರೆ ಕಾಯಿಲೆಯವರಿಗೆ ಮಾಡುವ ರೂಢಿಯ ಒಂದು ಪರೀಕ್ಷೆಯನ್ನೂ ಮಾಡಿ ನೋಡಿದರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ದ್ರಾವಣದ ಹನಿಗಳನ್ನು ಹಾಕುವುದು. ಬಣ್ಣ ಕಂದಾಗಿಯೇ ಉಳಿಯಬೇಕು, ಇಲ್ಲವೆ ಕೆಂಪು, ನೇರಳೆಗೆ ತಿರುಗಬೇಕು. ಲಿವ್‌ಳ ಮೂತ್ರ ಕಡು ಹಸಿರಾಯಿತು. ಕೆಲವು ನಿಮಿಷಗಳಲ್ಲಿ ಆ ಹಸಿರು ಮಾಸಿಯೂ ಹೋಯಿತು. ಡಾಗ್‌ನದೂ ಅದೇ ಹಸಿರು.

ಅಂಥ ಬಣ್ಣವನ್ನು ಫೋಲಿಂಗ್ ಎಂದೂ ಕಂಡಿರಲಿಲ್ಲ, ಪುಸ್ತಕಗಳಲ್ಲೂ ಓದಿರಲಿಲ್ಲ. ಮಕ್ಕಳಿಗೆ ಕೊಡುತ್ತಿರುವ ಔಷಧಿಯ ಪ್ರಭಾವವಿರಬಹುದೆಂದು ಎಲ್ಲ ಔಷಧಿಗಳನ್ನೂ ಒಂದು ವಾರ ನಿಲ್ಲಿಸಿ ಮತ್ತೆ ತರಲು ಹೇಳಿದರು. ಮತ್ತೆ ಹಸಿರೇ. ಆಗ ಕೆಲಸ ಶುರುವಾಯಿತು. ಬೋರ್ಗ್‌ನಿ ಮಕ್ಕಳ ಮೂತ್ರವನ್ನು ಹಿಡಿದಿಟ್ಟು ಮತ್ತೆ ಮತ್ತೆ ಪ್ರಯೋಗಾಲಯಕ್ಕೆ ತಂದು ಮುಟ್ಟಿಸಿದಳು. ಸುಮಾರು ಎರಡು ತಿಂಗಳು, ಒಟ್ಟು 20 ಲೀಟರಿನಷ್ಟು. ಹೇಳಿದರೆ ಕೇಳಿಸಿಕೊಳ್ಳದ, ಮಡಕೆಯ ಮೇಲೆ ಕೂರದ ಎರಡು ಮಕ್ಕಳಿಂದ 20 ಲೀಟರು! ಮಕ್ಕಳನ್ನು ಸಾಕಿದವರಿಗೆ ಮಾತ್ರ ಆ ಶ್ರಮ ಅರ್ಥವಾದೀತು. ಈ ವಿಷಯವನ್ನು ಬರೆಯುವ ವಿಜ್ಞಾನದ ಪುಸ್ತಕಗಳು ಫೋಲಿಂಗ್ ಅವರ ಜಾಣ್ಮೆಯನ್ನು ಹೊಗಳುತ್ತವೆ. ಹೊಗಳಬೇಕಾದ್ದೇ. ಆದರೆ ಅವರ ಗಾಜಿನ ಪಾತ್ರೆಗಳನ್ನು ತುಂಬಿಸಿದವಳೂ ಆ ಆವಿಷ್ಕಾರದಲ್ಲಿ ಪಾಲುದಾರಳೇ ಎಂದು ನನ್ನ ಎಣಿಕೆ.

ಗಾಳಿ ತಾಗಿದರೆ ಕೆಟ್ಟುಹೋಗುವ ಆ ವಸ್ತುವನ್ನು ಫೋಲಿಂಗ್ ಬಹಳ ನಾಜೂಕಾಗಿ ಬೇರ್ಪಡಿಸಿದರು. ಅದು ಫಿನೈಲ್‌ಪೈರೂವಿಕ್ ಆಮ್ಲ. ಆರೋಗ್ಯವಂತರ ಮೂತ್ರದಲ್ಲಿ ಕಾಣಸಿಗದ ವಸ್ತು. ನಂತರ ಅವರು ಬುದ್ಧಿಮಾಂದ್ಯರಿಗಾಗಿ ಇದ್ದ ಸಂಸ್ಥೆಗಳಿಗೆ ಹೋಗಿ 430 ಮಂದಿಯ ಮೂತ್ರವನ್ನು ಪರೀಕ್ಷಿಸಿದರು. ಎಂಟು ಮಂದಿಯಲ್ಲಿ ಅದೇ ಹಸಿರು ಕಂಡಿತು. ಲಿವ್, ಡಾಗ್ ಸೇರಿ ಹತ್ತು. 1934ರಲ್ಲೇ ಅವರ ಲೇಖನ ಪ್ರಕಟವಾಯಿತು. ಮುಂದೆ ಇಂಗ್ಲೆಂಡಿನ ಪೆನ್‌ರೋಸ್ ಮತ್ತು ಕ್ವಾಸ್ಟೆಲ್ ಎಂಬ ಇಬ್ಬರು ಅದಕ್ಕೆ ಫಿನೈಲ್‌ಕೀಟೋನ್ಯೂರಿಯ ಎಂದು ಹೆಸರಿಟ್ಟರು. ಬುದ್ಧಿ ಬೆಳೆಯದಿರುವುದಕ್ಕೆ ದೇಹದ ರಸಾಯನದಲ್ಲೇ ಒಂದು ಕಾರಣವಿರಬಹುದು, ಅದು ದೈವದ ಶಾಪವೂ ಅಲ್ಲ, ತಾಯಿಯ ನಡತೆಯ ಫಲವೂ ಅಲ್ಲ ಎಂದು ಅಷ್ಟು ಸ್ಪಷ್ಟವಾಗಿ ತೋರಿದ ಮೊದಲ ಕಾಯಿಲೆಗಳಲ್ಲಿ ಇದೊಂದು.

ಕಾಯಿಲೆಯ ಒಳಗುಟ್ಟನ್ನು ಇಲ್ಲಿ ಸ್ವಲ್ಪ ಹೇಳಿಬಿಡುತ್ತೇನೆ. ವಿಜ್ಞಾನದ ಟೀಚರು ನಮ್ಮ ಸ್ಟಾಫ್ ರೂಮಿನಲ್ಲಿ ನನಗೆ ವಿವರಿಸಿದ ಬಗೆಯಲ್ಲೇ ಹೇಳುವೆ. ಹಾಲು, ಬೇಳೆ, ಮೊಟ್ಟೆ ಮುಂತಾದ ಎಲ್ಲ ಸಸಾರಜನಕದ ಆಹಾರದಲ್ಲಿ ಫಿನೈಲ್‌ಅಲನಿನ್ ಎಂಬ ಒಂದು ಅಮೈನೋ ಆಮ್ಲವಿದೆ. ಪಿತ್ತಜನಕಾಂಗದಲ್ಲಿರುವ ಒಂದು ಕಿಣ್ವ ಅದನ್ನು ಟೈರೋಸಿನ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಆ ಕಿಣ್ವವೇ ಇಲ್ಲದೆ ಹುಟ್ಟಿದ ಮಗುವಿನಲ್ಲಿ, ಕಟ್ಟಿಕೊಂಡ ಚರಂಡಿಯಲ್ಲಿ ನೀರು ನಿಂತಂತೆ, ಫಿನೈಲ್‌ಅಲನಿನ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದೇ ವಿಷ. ಬಸಿರಿನಲ್ಲಿರುವಷ್ಟು ದಿನ ತಾಯಿಯ ದೇಹ ಆ ಕೆಲಸವನ್ನು ಮಾಡಿಕೊಡುತ್ತದೆ, ಹಾಗಾಗಿ ಮಗು ಲಕ್ಷಣವಾಗಿ ಹುಟ್ಟುತ್ತದೆ. ಕೆಡುಕು ಶುರುವಾಗುವುದು ಹುಟ್ಟಿದ ಮೇಲೆ, ಹಾಲು ಕುಡಿಯಲಾರಂಭಿಸಿದ ಮೇಲೆ. ಅಮೃತವೆಂದು ನಾವು ಕೊಡುವ ಎದೆಹಾಲೇ ಲೆಕ್ಕವಿಲ್ಲದೆ ಕೊಟ್ಟರೆ ಆ ಮಗುವಿಗೆ ಕೇಡು. ಮೈಬಣ್ಣ, ಕೂದಲಿನ ಬಣ್ಣ ಹುಟ್ಟುವುದು ಟೈರೋಸಿನ್‌ನಿಂದ. ಅದು ಕಡಿಮೆಯಾಗುವುದರಿಂದ ಈ ಮಕ್ಕಳು ಒಡಹುಟ್ಟಿದವರಿಗಿಂತ ಬೆಳ್ಳಗಿರುತ್ತಾರೆ. ನಮ್ಮ ಕಡೆ ಬೆಳ್ಳಗಿನ ಕೂಸು ಹುಟ್ಟಿದರೆ ಓಣಿಯವರೆಲ್ಲ ಬಂದು ನೋಡಿ ದೃಷ್ಟಿಬೊಟ್ಟು ಇಡಿಸಿ ಹೋಗುವುದನ್ನು ನೆನೆದಾಗ ಕಸಿವಿಸಿಯಾಗುತ್ತದೆ.

ಈ ಕಾಯಿಲೆ ಹೆಸರು ಪಡೆಯುವ ಮೊದಲೇ ಜಗತ್ಪ್ರಸಿದ್ಧಳಾದ ಒಬ್ಬ ಹೆಣ್ಣುಮಗಳ ಮನೆಯನ್ನೂ ಹೊಕ್ಕಿತ್ತು. ಪರ್ಲ್ ಬಕ್ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೀರಿ. ಚೀನಾದ ರೈತಾಪಿ ಬದುಕನ್ನು 'ದಿ ಗುಡ್ ಅರ್ಥ್' ಕಾದಂಬರಿಯಲ್ಲಿ ಬರೆದು, 1938ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ಲೇಖಕಿ. 1920ರಲ್ಲಿ ಚೀನಾದಲ್ಲಿ ಆಕೆಗೆ ಹುಟ್ಟಿದ ಏಕೈಕ ಮಗಳು ಕ್ಯಾರಲ್‌ಗೆ ಇದೇ ಕಾಯಿಲೆ. ಆಗ ಅದು ಏನೆಂದು ಯಾರಿಗೆ ಗೊತ್ತು? 1929ರಲ್ಲಿ ಮಗಳನ್ನು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನ ವಸತಿಶಾಲೆಯಲ್ಲಿ ಬಿಟ್ಟು ಬಂದಳು. ಅಲ್ಲಿನ ಖರ್ಚಿಗೆ ಹಣ ಬೇಕಾಗಿತ್ತು. 1931ರಲ್ಲಿ ಹೊರಬಂದ ಆ ಕಾದಂಬರಿಯ ಹಿಂದೆ ಆ ಅಗತ್ಯವೂ ಇತ್ತು. ಎಷ್ಟೋ ವರ್ಷ ಮಗಳ ವಿಷಯವನ್ನು ಹೊರಗೆ ಆಡದೆ ಇದ್ದವಳು 1950ರಲ್ಲಿ ಆ ದುಃಖವನ್ನೆಲ್ಲ ಬರೆದು ಪ್ರಕಟಿಸಿದಳು. ಅಂಥ ಮಕ್ಕಳನ್ನು ಒಳಕೋಣೆಯಲ್ಲಿ ಬಚ್ಚಿಡುತ್ತಿದ್ದ ಕಾಲದಲ್ಲಿ ಅಷ್ಟು ಹೆಸರಾದವಳೊಬ್ಬಳು 'ನನ್ನ ಮಗಳೂ ಹೀಗೆಯೇ' ಎಂದು ಬರೆಯಲು ಎಂಥ ಎದೆಗಾರಿಕೆ ಬೇಕು! ಮಗಳಿಗೆ ಇದ್ದದ್ದು ಏನೆಂದು ಖಚಿತವಾಗಿ ತಿಳಿದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಕ್ಯಾರಲ್ 1992ರವರೆಗೆ ಬದುಕಿದ್ದಳು.

ಕಾಯಿಲೆ ಗೊತ್ತಾಯಿತು, ಮದ್ದು? ಫೋಲಿಂಗ್ ಕಂಡುಹಿಡಿದ ಮೇಲೆ ಹದಿನೇಳು ವರ್ಷ ಏನೂ ಆಗಲಿಲ್ಲ. ನಡುವೆ ಮಹಾಯುದ್ಧ ಬೇರೆ. ಮುಂದಿನ ಹೆಜ್ಜೆಯ ಹಿಂದೆಯೂ ಒಬ್ಬಳು ತಾಯಿಯೇ ಇದ್ದಾಳೆ.

1951, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆ. ಅಲ್ಲಿ ಜರ್ಮನಿಯಿಂದ ಬಂದಿದ್ದ ಹಾರ್ಸ್ಟ್ ಬಿಕೆಲ್ ಎಂಬ ತರುಣ ವೈದ್ಯ ಇದ್ದ. ಎರಡು ವರ್ಷವೂ ತುಂಬದ ಒಂದು ಹೆಣ್ಣು ಮಗುವಿಗೆ ಈ ಕಾಯಿಲೆ ಇದೆಯೆಂದು ಪತ್ತೆಮಾಡಿ, ದೊಡ್ಡ ಸಾಧನೆ ಮಾಡಿದ ಸಂತೋಷದಲ್ಲಿ ತಾಯಿಗೆ ತಿಳಿಸಿದ. ಮಗುವಿನ ಹೆಸರು ಶೀಲಾ. ನಮ್ಮ ಹಾಜರಿ ಪುಸ್ತಕದಲ್ಲೂ ಇರುವ ಹೆಸರೇ. ಆಕೆ ನಿಲ್ಲುತ್ತಿರಲಿಲ್ಲ, ನಡೆಯುತ್ತಿರಲಿಲ್ಲ, ಊಟದ ಕಡೆಗೂ ಗಮನವಿಲ್ಲ, ನರಳುತ್ತ ತಲೆ ಬಡಿದುಕೊಳ್ಳುತ್ತಿದ್ದಳು. ತಾಯಿಗೆ ಕಾಯಿಲೆಯ ಹೆಸರಿನಿಂದ ಏನಾಗಬೇಕು? ಮಗುವನ್ನು ಸರಿಮಾಡಿ ಎಂದಳು. ಅದಕ್ಕೆ ಚಿಕಿತ್ಸೆ ಇಲ್ಲ ಎಂದರೂ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಕಾದು ನಿಂತು, ನನ್ನ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳತೊಡಗಿದಳು. ಆಕೆಯ ಕಾಟ ತಡೆಯಲಾರದೆಯೇ ತಾನು ದಾರಿ ಹುಡುಕಿದ್ದು ಎಂಬಂತೆ ಬಿಕೆಲ್ ನಂತರದ ದಿನಗಳಲ್ಲಿ ನೆನೆಸಿಕೊಂಡಿದ್ದಾನೆ.

ಬಿಕೆಲ್, ಜಾನ್ ಗೆರಾರ್ಡ್ ಮತ್ತು ಎವ್ಲಿನ್ ಹಿಕ್‌ಮನ್ಸ್ ಎಂಬ ಮಹಿಳಾ ವಿಜ್ಞಾನಿ ಮೂವರೂ ಸೇರಿ ಯೋಚಿಸಿದರು. ವಿಷ ಹೋಗುತ್ತಿರುವುದು ಆಹಾರದಿಂದ, ಆಹಾರದಿಂದಲೇ ಅದನ್ನು ತೆಗೆದರೆ? ಲಂಡನ್ನಿನ ಲೂಯಿ ವುಲ್ಫ್ ಎಂಬ ರಸಾಯನಶಾಸ್ತ್ರಜ್ಞನ ಬಳಿ ಉಪಾಯವಿತ್ತು. ಹಾಲಿನ ಸಸಾರಜನಕವನ್ನು ಒಡೆದು, ಇದ್ದಿಲಿನ ಮೂಲಕ ಸೋಸಿ ಫಿನೈಲ್‌ಅಲನಿನ್ ಅನ್ನು ತೆಗೆದುಹಾಕುವುದು. ಆಸ್ಪತ್ರೆಯ ಶೀತಲ ಕೋಣೆಯಲ್ಲಿ ಕೈಯಾರೆ ಅದನ್ನು ತಯಾರಿಸಿದರು. ದುರ್ವಾಸನೆಯ, ಬಾಯಿಗಿಡಲಾಗದ ಪೇಯ. ತಾಯಿ ಅದನ್ನೇ ಕುಡಿಸಿದಳು. ಕೆಲವು ತಿಂಗಳಲ್ಲಿ ಶೀಲಾ ಅಂಬೆಗಾಲಿಟ್ಟಳು, ಹಿಡಿದುಕೊಂಡು ನಿಂತಳು. ಕಣ್ಣುಗಳಲ್ಲಿ ಹೊಳಪು ಬಂತು, ತಲೆ ಬಡಿದುಕೊಳ್ಳುವುದು ನಿಂತಿತು. ಕೂದಲಿನ ಬಣ್ಣವೂ ಗಾಢವಾಯಿತು.

ಆಮೇಲೆ ಮಾಡಿದ್ದು ಮಾತ್ರ ನನಗೆ ಓದಲು ಕಷ್ಟವಾಯಿತು. ಈ ಸುಧಾರಣೆ ಪಥ್ಯದಿಂದಲೇ ಬಂದದ್ದೋ ತಾನಾಗಿಯೋ ಎಂದು ಲೋಕಕ್ಕೆ ರುಜುವಾತುಪಡಿಸಬೇಕಿತ್ತು. ತಾಯಿಗೆ ತಿಳಿಸದೆ ಆ ಪೇಯದಲ್ಲಿ ಫಿನೈಲ್‌ಅಲನಿನ್ ಬೆರೆಸಿದರು. ಮಗು ಗಳಿಸಿದ್ದನ್ನೆಲ್ಲ ಕೆಲವೇ ದಿನಗಳಲ್ಲಿ ಕಳೆದುಕೊಂಡಿತು. ತಾಯಿ ಅಳುತ್ತ ಓಡಿ ಬಂದಳು. ಆಗ ಅವಳಿಗೆ ವಿಷಯ ತಿಳಿಸಿ, ಆಸ್ಪತ್ರೆಯಲ್ಲಿಟ್ಟುಕೊಂಡು ಇನ್ನೊಮ್ಮೆ ಅದನ್ನೇ ಮಾಡಿ ತೋರಿಸಿದರು. 1953ರಲ್ಲಿ ಪ್ರಕಟವಾದ ವರದಿಯಿಂದ ವೈದ್ಯಲೋಕ ನಂಬಿತು, ಸಾವಿರಾರು ಮಕ್ಕಳಿಗೆ ದಾರಿಯಾಯಿತು, ನಿಜ. ಇವತ್ತಾಗಿದ್ದರೆ ಯಾವ ಆಸ್ಪತ್ರೆಯ ನೀತಿ ಸಮಿತಿಯೂ ಒಪ್ಪದ ಕೆಲಸ ಅದು. ಲೋಕಕ್ಕೆ ಬೇಕಾದ ಸಾಕ್ಷಿಯನ್ನು ಒಂದು ಮಗುವಿನ ಮೈಯಿಂದ ಎರಡು ಸಾರಿ ಕಿತ್ತುಕೊಂಡರು. ಪಥ್ಯ ಶುರುವಾಗುವ ಹೊತ್ತಿಗೆ ಮಿದುಳಿಗೆ ಆಗಬೇಕಾದ ಹಾನಿ ಆಗಿಹೋಗಿತ್ತಾದ್ದರಿಂದ ಶೀಲಾ ಎಂದೂ ಎಲ್ಲರಂತಾಗಲಿಲ್ಲ.

ಇಲ್ಲೇ ಈ ಚರಿತ್ರೆಯ ಗಂಟು ಇರುವುದು. ತಾಯಿಯ ಕಣ್ಣಿಗೆ, ಮೂಗಿಗೆ ಏನೋ ತಪ್ಪಿದೆ ಎಂದು ಹೊಳೆಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹಾಗಾದರೆ ಕಾಪಾಡಲಾಗುತ್ತಿದ್ದುದು ಯಾರನ್ನು? ಎರಡನೆಯ ಮಗುವನ್ನು. ಮೊದಲನೆಯದಕ್ಕೆ ಕಾಯಿಲೆ ಎಂದು ಗೊತ್ತಾದ ಮನೆಯಲ್ಲಿ ಮುಂದಿನ ಮಗು ಹುಟ್ಟಿದ ಕೂಡಲೇ ಪರೀಕ್ಷಿಸಿ ಪಥ್ಯ ಶುರುಮಾಡುತ್ತಿದ್ದರು. ಆ ಮಗು ಎಲ್ಲರಂತೆ ಬೆಳೆಯುತ್ತಿತ್ತು. ಒಂದು ಮಗುವಿನ ಬುದ್ಧಿಯನ್ನು ಬೆಲೆಯಾಗಿ ಕೊಟ್ಟು ಇನ್ನೊಂದರದನ್ನು ಉಳಿಸಿಕೊಂಡಂತೆ. ಒಂದೇ ಮನೆಯಲ್ಲಿ ಅಂಥ ಅಕ್ಕನನ್ನೂ ಇಂಥ ತಂಗಿಯನ್ನೂ ಸಾಕಿದ ತಾಯಂದಿರ ಮನಸ್ಸನ್ನು ಯಾರು ಬರೆದಿದ್ದಾರೋ ಕಾಣೆ.

1957ರಲ್ಲಿ ಅಮೆರಿಕದ ವಿಲರ್ಡ್ ಸೆಂಟರ್‌ವಾಲ್ ಎಂಬ ವೈದ್ಯ ಒಂದು ಸುಲಭೋಪಾಯವನ್ನು ಬಳಕೆಗೆ ತಂದ. ಮಗು ಒದ್ದೆ ಮಾಡಿದ ಚೌಕದ ಬಟ್ಟೆಯ ಮೇಲೆ ಫೆರಿಕ್ ಕ್ಲೋರೈಡ್ ಹನಿಸಿ ಹಸಿರಾಗುತ್ತದೆಯೇ ಎಂದು ನೋಡುವುದು. ಚೆನ್ನಾಗಿಯೇ ಇತ್ತು. ಆದರೆ ಮೂತ್ರದಲ್ಲಿ ಆ ಆಮ್ಲ ಕಾಣಿಸಿಕೊಳ್ಳಲು ಕೆಲವು ವಾರಗಳೇ ಬೇಕು. ಅಷ್ಟರಲ್ಲಿ ತಾಯಿ ಮಗು ಮನೆ ಸೇರಿರುತ್ತಾರೆ. ಬೇಕಾದದ್ದು ಹೆರಿಗೆ ಆಸ್ಪತ್ರೆ ಬಿಡುವ ಮೊದಲೇ, ಲಕ್ಷಣ ಯಾವುದೂ ಇಲ್ಲದಾಗಲೇ, ಎಲ್ಲ ಮಕ್ಕಳಿಗೂ ಮಾಡಬಹುದಾದ ಅಗ್ಗದ ಪರೀಕ್ಷೆ.

ಅದನ್ನು ಕೊಟ್ಟವರು ನ್ಯೂಯಾರ್ಕ್ ರಾಜ್ಯದ ಬಫೆಲೋ ಊರಿನ ರಾಬರ್ಟ್ ಗತ್ರಿ. ಆತ ಕ್ಯಾನ್ಸರ್ ಸಂಶೋಧನೆಯಲ್ಲಿದ್ದವರು. ಅವರ ಎರಡನೆಯ ಮಗ ಬುದ್ಧಿಮಾಂದ್ಯ. ಅವನದು ಬೇರೆ ಕಾರಣ, ಈ ಕಾಯಿಲೆಯಲ್ಲ. ಆದರೆ ಆ ಮಗನಿಂದಾಗಿ ಇಂಥ ಮಕ್ಕಳ ಹೆತ್ತವರ ಸಂಘಗಳಲ್ಲಿ ಓಡಾಡಿದರು, ತಮ್ಮ ವಿದ್ಯೆ ಯಾರಿಗೆ ಬೇಕೆಂದು ಕಂಡುಕೊಂಡರು. 1958ರಲ್ಲಿ ಹೆಂಡತಿಯ ತಂಗಿಯ ಮಗುವಿಗೆ ಈ ಕಾಯಿಲೆ ಇದೆಯೆಂದು ಹದಿನೈದು ತಿಂಗಳು ತುಂಬಿದ ಮೇಲೆ ಗೊತ್ತಾಯಿತು. ತಡವಾಗಿತ್ತು. ಆಮೇಲೆ ಆತ ಕೂರಲಿಲ್ಲ.

ಅವರ ಪರೀಕ್ಷೆಯ ವಿಧಾನ ನಮಗೆ ಹೆಂಗಸರಿಗೆ ಬೇಗ ಅರ್ಥವಾಗುವಂಥದ್ದು. ಹೆಪ್ಪು ಹಾಕುವುದು, ದೋಸೆ ಹಿಟ್ಟು ಹುದುಗಿಸುವುದು ನಮಗೆ ಗೊತ್ತಿದೆಯಷ್ಟೆ. ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಸಿಕ್ಕರೆ ಬೆಳೆಯುತ್ತವೆ, ಇಲ್ಲದಿದ್ದರೆ ಇಲ್ಲ. ಗತ್ರಿ ಒಂದು ತಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ಹಾಕಿ, ಅವು ಬೆಳೆಯದಂತೆ ತಡೆಯುವ ಒಂದು ರಾಸಾಯನಿಕವನ್ನೂ ಬೆರೆಸಿಟ್ಟರು. ಫಿನೈಲ್‌ಅಲನಿನ್ ಧಾರಾಳವಾಗಿ ಸಿಕ್ಕಿದರೆ ಮಾತ್ರ ಅವು ಆ ತಡೆಯನ್ನು ಮೀರಿ ಬೆಳೆಯುತ್ತವೆ. ಕೂಸಿನ ಹಿಮ್ಮಡಿಯನ್ನು ಚುಚ್ಚಿ ಒಂದೆರಡು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಇಳಿಸಿ ಒಣಗಿಸುವುದು. ಆ ಕಾಗದದಿಂದ ಪುಟ್ಟ ಬಿಲ್ಲೆಗಳನ್ನು ಕತ್ತರಿಸಿ ತಟ್ಟೆಯ ಮೇಲೆ ರಂಗೋಲಿ ಚುಕ್ಕಿಗಳಂತೆ ಸಾಲಾಗಿ ಇಡುವುದು. ಮಾರನೆಯ ದಿನ ಯಾವ ಚುಕ್ಕಿಯ ಸುತ್ತ ದೊಡ್ಡದಾಗಿ ಬಿಳಿ ಪ್ರಭಾವಳಿ ಎದ್ದಿದೆಯೋ ಆ ಮಗುವಿನ ರಕ್ತದಲ್ಲಿ ಫಿನೈಲ್‌ಅಲನಿನ್ ಹೆಚ್ಚಿದೆ. ಒಣಗಿದ ಕಾಗದವಾದ್ದರಿಂದ ಲಕೋಟೆಯಲ್ಲಿಟ್ಟು ಟಪಾಲಿನಲ್ಲಿ ಕಳಿಸಬಹುದು. ಒಂದೇ ಪ್ರಯೋಗಾಲಯ ನೂರು ಊರುಗಳ ಮಕ್ಕಳನ್ನು ನೋಡಬಹುದು. ಗತ್ರಿ ಮತ್ತು ಏಡಾ ಸೂಸಿ ಎಂಬ ಸಹಾಯಕಿಯ ಹೆಸರಿನಲ್ಲಿ 1963ರಲ್ಲಿ ಲೇಖನ ಬಂತು. ಅಷ್ಟರಲ್ಲಿ 29 ರಾಜ್ಯಗಳ ನಾಲ್ಕು ಲಕ್ಷ ಮಕ್ಕಳ ಪರೀಕ್ಷೆ ಆಗಿತ್ತು. 39 ಮಕ್ಕಳು ಸಿಕ್ಕಿದ್ದರು, ಅಂದರೆ ಸುಮಾರು ಹತ್ತು ಸಾವಿರಕ್ಕೆ ಒಂದು. ಅದೇ ವರ್ಷ ಮ್ಯಾಸಚುಸೆಟ್ಸ್ ರಾಜ್ಯ ಈ ಪರೀಕ್ಷೆಗೆ ಕಾನೂನನ್ನೇ ಮಾಡಿತು.

ಗತ್ರಿ ಐದುನೂರು ಪರೀಕ್ಷೆಗಳ ಸಾಮಗ್ರಿಯನ್ನು 6 ಡಾಲರಿಗೆ ತಯಾರಿಸುತ್ತಿದ್ದರು. ಅದನ್ನೇ ಮಾರಲು ಹೊರಟ ಕಂಪನಿ 262 ಡಾಲರ್ ಬೆಲೆ ಹೇಳಿದಾಗ ಅವರು ಸಿಟ್ಟಾಗಿ ಸರ್ಕಾರದ ಮಧ್ಯಪ್ರವೇಶ ಕೇಳಿದರು. ತಮಗಾಗಿ ಒಂದು ಕಾಸನ್ನೂ ಬಯಸಲಿಲ್ಲ. ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ವೈದ್ಯರ ಸಂಘಗಳು ಕಾನೂನನ್ನು ವಿರೋಧಿಸಿದವು. ಕಾಯಿಲೆಯಿಲ್ಲದ ಕೆಲವು ಮಕ್ಕಳಿಗೂ ಪಥ್ಯ ಹಾಕಿ ತೊಂದರೆಯಾದದ್ದುಂಟು. ಆದರೂ ಆ ಕಾಗದದ ಚುಕ್ಕಿ ದೇಶದಿಂದ ದೇಶಕ್ಕೆ ಹಬ್ಬಿತು.

ಇನ್ನು ಆ ಹೆಣ್ಣುಮಕ್ಕಳ ವಿಷಯ. ಹುಟ್ಟಿದ ವಾರದಲ್ಲೇ ಪತ್ತೆಯಾಗಿ, ಪಥ್ಯದಲ್ಲಿ ಬೆಳೆದು, ಶಾಲೆ ಕಾಲೇಜಿಗೆ ಹೋದ ಮೊದಲ ತಲೆಮಾರಿನವರು. ಮಿದುಳು ಬೆಳೆದ ಮೇಲೆ ಪಥ್ಯ ಬೇಡ ಎಂಬ ನಂಬಿಕೆ ಆಗ ಇದ್ದುದರಿಂದ ಐದಾರು ವರ್ಷಕ್ಕೇ ಅವರಲ್ಲಿ ಅನೇಕರ ಪಥ್ಯ ಬಿಡಿಸಿದ್ದರು. ಅವರು ದೊಡ್ಡವರಾದರು, ಮದುವೆಯಾದರು, ಬಸುರಿಯರಾದರು. ತಾಯಿಯ ರಕ್ತದಲ್ಲಿ ತುಂಬಿದ್ದ ಫಿನೈಲ್‌ಅಲನಿನ್ ಹೊಟ್ಟೆಯಲ್ಲಿದ್ದ ಕೂಸಿನ ಮಿದುಳಿಗೆ, ಹೃದಯಕ್ಕೆ ಪೆಟ್ಟು ಕೊಟ್ಟಿತು. ಕೂಸಿಗೆ ಆ ಕಾಯಿಲೆ ಇಲ್ಲದಿದ್ದರೂ! ಇಂಥ ನೂರಾರು ಬಸಿರುಗಳ ವಿವರಗಳನ್ನು ಲೆಂಕೆ ಮತ್ತು ಲೆವಿ ಎಂಬ ವೈದ್ಯರು 1980ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಎಲ್ಲರ ಕಣ್ಣು ತೆರೆಯಿತು. ಬಸಿರು ನಿಲ್ಲುವ ಮೊದಲೇ ಮತ್ತೆ ಪಥ್ಯ ಹಿಡಿದರೆ ಕೂಸು ಚೆನ್ನಾಗಿ ಹುಟ್ಟುತ್ತದೆ. ಈಗ ಪಥ್ಯ ಬಾಳಿನುದ್ದಕ್ಕೂ ಬೇಕೆನ್ನುತ್ತಾರೆ. ಅಳೆದು ಕೊಡುವ ಅನ್ನ, ಬೇಳೆ ಹಾಲುಗಳ ವರ್ಜ್ಯ, ದಿನವೂ ವಿಶೇಷ ಪುಡಿಯ ಪೇಯ. ನಾನು ಮೊದಲು ಹೇಳಿದ ಸಿಹಿಗುಳಿಗೆಯಲ್ಲಿರುವ ಆಸ್ಪರ್ಟೇಮ್ ಎಂಬ ವಸ್ತುವಿನಲ್ಲೂ ಫಿನೈಲ್‌ಅಲನಿನ್ ಇದೆ, ಆದ್ದರಿಂದ ಆ ಎಚ್ಚರಿಕೆ.

ಇದೆಲ್ಲ ಬಿಳಿಯರ ನಾಡಿನ ಕಾಯಿಲೆ, ನಮಗೇಕೆ ಎನ್ನಬೇಡಿ. ಫಿನೈಲ್‌ಕೀಟೋನ್ಯೂರಿಯ ನಮ್ಮಲ್ಲಿ ಅಪರೂಪ ನಿಜ. ಆದರೆ ಅದರ ಅಕ್ಕತಂಗಿಯರು ಹಲವರಿದ್ದಾರೆ. ಬೇರೆ ಬೇರೆ ಕಿಣ್ವಗಳ ಕೊರತೆಯ ಕಾಯಿಲೆಗಳು. ಭಾರತದಲ್ಲಿ ನವಜಾತ ಶಿಶುಗಳ ರಕ್ತವನ್ನು ಹೀಗೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವ ಕೆಲಸ ಮೊದಲು ಶುರುವಾದದ್ದು ನಮ್ಮ ಕರ್ನಾಟಕದಲ್ಲೇ, 1980ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ ಮುಂತಾದವರ ತಂಡ ಕೆಲವೇ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತದ ಚುಕ್ಕಿಗಳನ್ನು ನೋಡಿತು. ಅಮೈನೋ ಆಮ್ಲಗಳ ತೊಂದರೆ ಇದ್ದ ಮಕ್ಕಳು ಸಿಕ್ಕರು. ಅದೇ ಕಾಲದಲ್ಲಿ ಇದೇ ಸಂಶೋಧಕರು ಮದುವೆಗಳ ಲೆಕ್ಕವನ್ನೂ ತೆಗೆದರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದು. ಸೋದರಮಾವನೊಂದಿಗೆ, ಇಲ್ಲವೆ ಸೋದರಮಾವನ ಮಗನೊಂದಿಗೆ.

ಇದನ್ನು ಓದುವಾಗ ನನಗೆ ನಮ್ಮ ತಾಯಿಯ ಊರಿನ ಒಂದು ಮನೆ ನೆನಪಾಯಿತು. ಅಕ್ಕನ ಮಗಳನ್ನೇ ತಂದುಕೊಂಡಿದ್ದರು. ಮೂರು ಮಕ್ಕಳಲ್ಲಿ ಎರಡು ಮಾತು ಬಾರದೆ, ಬಾಯಲ್ಲಿ ಜೊಲ್ಲು ಸುರಿಸುತ್ತ ಜಗಲಿಯಲ್ಲಿ ಕುಳಿತಿರುತ್ತಿದ್ದವು. ಅವಕ್ಕೆ ಇದ್ದದ್ದು ಏನೆಂದು ಹೇಳಲು ನಾನು ವೈದ್ಯಳಲ್ಲ. ಆದರೆ ಆ ಹೆಂಗಸಿಗೆ ಬರುತ್ತಿದ್ದ ಮಾತುಗಳು ಈಗಲೂ ಕಿವಿಯಲ್ಲಿವೆ. ಗ್ರಹಣದಲ್ಲಿ ಹೊರಗೆ ಬಂದಿದ್ದಳಂತೆ, ನಾಗರಕಲ್ಲಿಗೆ ಮಡಿಯಿಲ್ಲದೆ ಹೋಗಿದ್ದಳಂತೆ. ಗಂಡನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆದರೆ ಈ ಕಾಯಿಲೆಗಳಲ್ಲಿ ಬಹುಪಾಲಿನ ಲೆಕ್ಕ ಇಬ್ಬರಿಗೂ ಸಮ. ಕೆಟ್ಟ ವಂಶವಾಹಿಯ ಒಂದು ಪ್ರತಿ ತಾಯಿಯಿಂದ, ಒಂದು ಪ್ರತಿ ತಂದೆಯಿಂದ, ಎರಡೂ ಸೇರಿದರೆ ಮಾತ್ರ ಕಾಯಿಲೆ. ಒಂದೊಂದೇ ಇರುವ ತಂದೆತಾಯಿಗೆ ಏನೂ ಆಗಿರುವುದಿಲ್ಲ. ಅಂಥವರಿಬ್ಬರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಂಭವ. ಒಂದೇ ಅಜ್ಜಅಜ್ಜಿಯ ಕುಡಿಗಳಾದರೆ ಇಬ್ಬರಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ಹೆಚ್ಚು, ಅಷ್ಟೆ. ಆಸ್ತಿ ಮನೆಯಲ್ಲೇ ಉಳಿಯಲಿ ಎಂದು ಮಾಡಿದ ಸಂಬಂಧದಲ್ಲಿ ಇದೂ ಉಳಿದುಕೊಳ್ಳುತ್ತದೆ. ಹಾಗೆಂದು ಸೋದರಿಕೆಯ ಮದುವೆಯ ಮಕ್ಕಳೆಲ್ಲ ಹೀಗಾಗುತ್ತಾರೆಂದು ಹೆದರಿಸುವುದೂ ತಪ್ಪು. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ.

ಬೆಂಗಳೂರಿನವರು ಕಂಡ ಕಾಯಿಲೆಗಳಲ್ಲಿ ಒಂದಕ್ಕೆ ಮೇಪಲ್ ಸಿರಪ್ ಮೂತ್ರರೋಗ ಎಂದು ಹೆಸರು. 1954ರಲ್ಲಿ ಅಮೆರಿಕದ ಜಾನ್ ಮೆಂಕಿಸ್ ಮತ್ತು ಜೊತೆಗಾರರು ಒಂದೇ ಮನೆಯ ನಾಲ್ಕು ಎಳೆಗೂಸುಗಳು ಹುಟ್ಟಿದ ಕೆಲವೇ ವಾರಗಳಲ್ಲಿ ತೀರಿಹೋದದ್ದನ್ನು ವರದಿ ಮಾಡಿದರು. ಮೂತ್ರಕ್ಕೆ ಆ ದೇಶದವರು ದೋಸೆಯಂಥ ತಿಂಡಿಯ ಮೇಲೆ ಸುರಿದುಕೊಳ್ಳುವ ಮೇಪಲ್ ಪಾಕದ ವಾಸನೆ. ನಾವು ಆ ಪಾಕವನ್ನು ಕಂಡವರಲ್ಲ. ಆದರೆ ಅದೇ ಪರಿಮಳ ನಮ್ಮ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇದೆ: ಮೆಂತ್ಯ. ಎರಡರ ವಾಸನೆಗೂ ಕಾರಣವಾದ ವಸ್ತು ಒಂದೇ. ಬಾಣಂತಿಗೆ ನಾವು ಮೆಂತ್ಯದ ಹಿಟ್ಟು, ಮೆಂತ್ಯದ ಉಂಡೆ ಧಾರಾಳವಾಗಿ ಕೊಡುತ್ತೇವೆ. ಮೆಂತ್ಯ ತಿಂದ ತಾಯಿಯ ಕೂಸಿನ ಮೂತ್ರಕ್ಕೆ ಆ ವಾಸನೆ ಬಂದು ವೈದ್ಯರು ಕಾಯಿಲೆಯೆಂದು ಗಾಬರಿಯಾದದ್ದೂ ಉಂಟು. ಹಾಗೆಯೇ ನಿಜವಾದ ಕಾಯಿಲೆಯ ವಾಸನೆಯನ್ನು ನಮ್ಮ ಬಾಣಂತಿ ಕೋಣೆಯ ಸಾಂಬ್ರಾಣಿ, ಮೆಂತ್ಯದ ನಡುವೆ ಯಾವ ಮೂಗು ಹಿಡಿದೀತು? ಬೋರ್ಗ್‌ನಿಯಂಥ ತಾಯಿಯೂ ಇಲ್ಲಿ ಸೋಲುತ್ತಾಳೆ. ಹಾಲು ಕುಡಿಯದೆ ಮಂಕಾಗುವ, ಹತ್ತು ದಿನದಲ್ಲಿ ಕೈತಪ್ಪಿಹೋಗುವ ಕೂಸನ್ನು ನಮ್ಮಲ್ಲಿ ಬಾಲಗ್ರಹ ಎಂದುಬಿಡುತ್ತಿದ್ದರು.

ಗತ್ರಿಯವರ ಸೂಕ್ಷ್ಮಜೀವಿಗಳ ತಟ್ಟೆ ಈಗ ಹಿಂದೆ ಸರಿದಿದೆ. ಒಂದೇ ಚುಕ್ಕಿಯಿಂದ ಹತ್ತಾರು ಕಾಯಿಲೆಗಳನ್ನು ಕೆಲವು ನಿಮಿಷಗಳಲ್ಲಿ ನೋಡುವ ಯಂತ್ರ ಬಂದಿದೆ. ಗೋವಾ ರಾಜ್ಯ 2008ರಲ್ಲಿ ಇಂಥ ಯೋಜನೆಯನ್ನು ಶುರುಮಾಡಿತು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ, ವಿಶೇಷ ಪಥ್ಯಾಹಾರದಿಂದ ಹತೋಟಿಗೆ ಬರುವ ಕಾಯಿಲೆಗಳಾಗಿ ಈ ಎರಡೂ ಸೇರಿವೆ. ಆದರೆ ಹುಟ್ಟಿದ ಎಲ್ಲ ಕೂಸುಗಳಿಗೂ ಪರೀಕ್ಷೆ ಆಗಲೇಬೇಕೆಂಬ ಕಟ್ಟಳೆ ದೇಶಕ್ಕೆಲ್ಲ ಇಲ್ಲ. ದೊಡ್ಡ ಊರಿನ ಖಾಸಗಿ ಆಸ್ಪತ್ರೆಗಳಲ್ಲಿ ದುಡ್ಡು ಕೊಟ್ಟರೆ ಮಾಡುತ್ತಾರೆ, ಕೇಳಿದರೆ. ಕೇಳಬೇಕೆಂದು ಗೊತ್ತಿರುವವರು ಎಷ್ಟು ಮಂದಿ? ಕರ್ನಾಟಕದಲ್ಲಿ 1980ರಲ್ಲೇ ಆರಂಭವಾದ ಕೆಲಸ ಒಂದು ಸಂಶೋಧನೆಯಾಗಿ ಮುಗಿದು, ಎಲ್ಲ ಹೆರಿಗೆ ವಾರ್ಡುಗಳ ದಿನಚರಿಯಾಗದೆ ಹೋದದ್ದು ನನಗೆ ಬೇಸರದ ಸಂಗತಿ.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಹೆರಿಗೆಯಾದಾಗ ನೋಡಲು ಹೋಗಿದ್ದೆ. ಅವಳದೂ ಸೋದರಮಾವನ ಮಗನೊಂದಿಗೆ ಆದ ಮದುವೆ. ಮೂರನೆಯ ದಿನ. ನರ್ಸು ಕೂಸಿನ ಹಿಮ್ಮಡಿ ಒರೆಸಿ ಸೂಜಿ ಚುಚ್ಚಿದಳು. ಕೂಸು ಕೆಂಪಾಗಿ ಕಿರುಚಿತು. ಅಜ್ಜಿಗೆ ಸಿಟ್ಟು ಬಂತು. ಮೂರು ದಿನದ ಹಸುಗೂಸಿನ ರಕ್ತ ತೆಗೆಯುತ್ತಾರಲ್ಲ, ಇವರ ಕೈ ಸೇದಿಹೋಗ, ಮಗು ಗುಂಡುಕಲ್ಲಿನ ಹಾಗಿದೆ, ಏನಾಗಿದೆ ಇದಕ್ಕೆ ಎಂದು ರೇಗಿದರು. ಬಾಣಂತಿ ಮಗುವನ್ನು ಎದೆಗೆ ಹಚ್ಚಿಕೊಂಡು, 'ಏನೂ ಆಗಿಲ್ಲ ಅಜ್ಜಿ, ಅದಕ್ಕೇ ಈಗಲೇ ತೆಗೆಸಿದ್ದು' ಎಂದಳು. ನರ್ಸು ನಾಲ್ಕು ಕೆಂಪು ಚುಕ್ಕಿಗಳಿದ್ದ ಕಾಗದವನ್ನು ಒಣಗಲೆಂದು ಕಿಟಕಿಯಿಂದ ದೂರ, ನೆರಳಿನಲ್ಲಿ ಇಟ್ಟು ಮುಂದಿನ ಹಾಸಿಗೆಗೆ ಹೋದಳು.